ಗಣಿಯ ಕೇಜ್, ವೈಂಡರ್ ಅಪಾಯ ಅಳೆಯಲು 5×5 ಪಟ್ಟಿ ಸಾಕೇ?

ಭೂಗತ ಗಣಿಯಲ್ಲಿ ಜನರನ್ನು, ಅದಿರನ್ನು ಸಾಗಿಸುವ ಕೇಜ್ (ಲಿಫ್ಟಿನಂಥ ಪೆಟ್ಟಿಗೆ), ಅದನ್ನು ಹಗ್ಗದಿಂದ ಏರಿಳಿಸುವ ಯಂತ್ರವಾದ ವೈಂಡರ್ ಕೈಕೊಡುವ ಅಪಾಯವನ್ನು ಅಂದಾಜಿಸಲು ತೀವ್ರತೆ-ಸಂಭವದ 5×5 ಪಟ್ಟಿ ತುಂಬಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಆ ಪಟ್ಟಿಯ ಸರದಿ ಕೊನೆಗೆ. ಮೊದಲು ವೈಂಡರಿನ ಡ್ರಾಯಿಂಗ್ ಹರವಿಕೊಂಡು ಒಂದೊಂದು ಬಿಡಿಭಾಗದ ಮುಂದೂ ಬರೆಯಿರಿ: ಇದು ಮುರಿದರೆ ಕೇಜನ್ನು ಹಿಡಿಯುವುದು ಯಾವುದು? ಉತ್ತರ ಬಾರದ ಭಾಗಗಳೇ ನಿಮ್ಮ ನಿಜವಾದ ಪಟ್ಟಿ.

1973ರ ಜುಲೈ 30ರಂದು ಇಂಗ್ಲೆಂಡಿನ ಡರ್ಬಿಶೈರ್‌ನ ಮಾರ್ಕಮ್ ಕಲ್ಲಿದ್ದಲು ಗಣಿಯಲ್ಲಿ ಕೇಜ್ ತಳಕ್ಕೆ ಅಪ್ಪಳಿಸಿ 18 ಜನ ಸತ್ತರು. ಹಗ್ಗ ಹರಿದಿರಲಿಲ್ಲ. ಬ್ರೇಕಿಗೆ ಬಲ ಕೊಡುವ ಸ್ಪ್ರಿಂಗ್ ಗೂಡಿನ ನಡುವಿನ ಉಕ್ಕಿನ ಸರಳು ತುಂಡಾಗಿತ್ತು. ಬ್ರೇಕಿನ ಬಲವೆಲ್ಲ ಆ ಒಂದೇ ಸರಳಿನ ಮೂಲಕ ಹಾಯುತ್ತಿತ್ತು, ಹಾಗಾಗಿ ಬ್ರೇಕ್ ಶೂಗಳು ಎಷ್ಟಿದ್ದರೂ ಲಾಭವಿಲ್ಲ. ಸರಳಿನ ಮೇಲೆ ಬರೀ ಎಳೆತ ಬೀಳುತ್ತದೆಂಬುದು ವಿನ್ಯಾಸದ ಲೆಕ್ಕ. ಆದರೆ ಕೀಲು ಸರಾಗವಾಗಿ ತಿರುಗದೆ, ಬ್ರೇಕ್ ಹಾಕಿದಾಗಲೆಲ್ಲ ಸರಳು ಚೂರುಚೂರೇ ಬಾಗುತ್ತಿತ್ತು. ದಣಿವಿನ ಬಿರುಕು ಹುಟ್ಟಿದ್ದು ಹಾಗೆ. ಚಾಲಕ ತುರ್ತು ನಿಲುಗಡೆ ಒತ್ತಿದಾಗ ಮೋಟಾರಿನ ವಿದ್ಯುತ್ ಹೋಯಿತು, ಜೊತೆಗೆ ಅದರ ಹಿಡಿತವೂ.

ಈಗಿನ ಡಿಸ್ಕ್ ಬ್ರೇಕ್‌ಗಳಲ್ಲೂ ಇದೇ ಬಲೆ ಇದೆ. ಅವುಗಳಲ್ಲಿ ಎಣ್ಣೆಯ ಒತ್ತಡ ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ; ಎಣ್ಣೆ ಹೊರಹೋದಾಗಲೇ ಸ್ಪ್ರಿಂಗ್ ಕಚ್ಚುವುದು. ಡಿಸ್ಕನ್ನು ಕಚ್ಚುವ ಕ್ಯಾಲಿಪರ್ ನಾಲ್ಕು ಜೋಡಿ ಇದ್ದರೂ ಎಣ್ಣೆ ಮರಳುವ ಪೈಪು, ವಾಲ್ವು ಒಂದೇ ಆಗಿದ್ದರೆ, ಅದು ಕಟ್ಟಿಕೊಂಡಾಗ ಒಂದೂ ಕಚ್ಚುವುದಿಲ್ಲ. ನಾಲ್ಕು ಎಂದು ಎಣಿಸಬೇಡಿ, ಒಂದು ಎಂದು ಎಣಿಸಿ.

ಆಮೇಲೆ ಅಂಕ. ಬಿಡಿಭಾಗಗಳಿಗೆ ಅಂಕ ಕೊಡುವಾಗ 5×5ರ ತೀವ್ರತೆ, ಸಂಭವದ ಜೊತೆ ಪತ್ತೆಯನ್ನೂ (ಪತ್ತೆ ಕಷ್ಟವಾದಷ್ಟೂ ಹೆಚ್ಚು ಅಂಕ) ಸೇರಿಸಿ, ಮೂರಕ್ಕೂ 1ರಿಂದ 10 ಕೊಟ್ಟು ಗುಣಿಸುವುದು ರೂಢಿ. ಬ್ರೇಕ್ ಸರಳಿಗೆ 10×2×8, ಅದಿರು ಸಾಗಿಸುವ ಬೆಲ್ಟ್ ಜಾರುವುದಕ್ಕೆ 4×8×5: ಎರಡೂ 160! ಹಾಗೆಂದು ಎರಡೂ ಸಮವೇ? ತೀವ್ರತೆ 9-10 ಇರುವುದನ್ನು ಗುಣಲಬ್ಧ ನೋಡದೆ ಬೇರೆ ಹಾಳೆಗೆ ತೆಗೆದಿಡಿ. ಪತ್ತೆಯ ಅಂಕವನ್ನು ಪರೀಕ್ಷೆಯ ವಿಧಾನ ನೋಡಿಯೇ ಕೊಡಿ. ಸ್ಪ್ರಿಂಗ್ ಒಳಗಿನ ಸರಳಿನ ಬಿರುಕು ಕಣ್ಣಿಗೆ ಕಾಣದು; ಅಲ್ಟ್ರಾಸೋನಿಕ್ ಪರೀಕ್ಷೆ ಇಲ್ಲದಿದ್ದರೆ ಅಲ್ಲಿಗೆ 10ನ್ನೇ ಬರೆಯಿರಿ.

ಹಗ್ಗದ ಸುರಕ್ಷತಾ ಗುಣಾಂಕ (ಹರಿಯಲು ಬೇಕಾದ ಭಾರ ಅದು ಹೊರುವ ಭಾರದ ಎಷ್ಟು ಪಟ್ಟು ಎಂಬುದು) ಲೆಕ್ಕ ಹಾಕುವಾಗ ಕೇಜ್ ತಳದಲ್ಲಿದೆ ಎಂದುಕೊಳ್ಳಿ. 32 ಮಿ.ಮೀ. ಹಗ್ಗ ಮೀಟರಿಗೆ ಸುಮಾರು 4 ಕಿಲೋ ತೂಗುತ್ತದೆ. ಸಾವಿರ ಮೀಟರ್ ಆಳದ ಶಾಫ್ಟಿನಲ್ಲಿ (ಕೇಜ್ ಇಳಿಯುವ ಬಾವಿಯಲ್ಲಿ) ಅದರ ಸ್ವಂತ ತೂಕವೇ 4 ಟನ್. ವ್ಯಾಸವನ್ನು ವರ್ನಿಯರ್‌ನಲ್ಲಿ ಒಂದೇ ಜಾಗದಲ್ಲಿ ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ಅಳೆಯಿರಿ, ಸ್ಟ್ರಾಂಡುಗಳ (ಹೊಸೆದ ತಂತಿ ಎಳೆಗಳ) ಉಬ್ಬಿನ ಮೇಲೆ. ಥಟ್ಟನೆ ಸಣ್ಣಗಾದಲ್ಲಿ ಒಳಗಿನ ತಿರುಳು ಕುಸಿದಿರಬಹುದು. ಕೇಜಿನ ಕಡೆಯ ತುದಿಯಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಗ್ರೀಸ್ ಮಿರಮಿರ ಮಿಂಚುತ್ತಿರುತ್ತದೆ.

'ಸಂಭವ'ದ ಅಂಕಕ್ಕೆ ವೈಂಡರ್ ಚಾಲಕನ ಲಾಗ್‌ಬುಕ್ ಓದಿ. ಅತಿವೇಗದ ಟ್ರಿಪ್ ಆದಾಗ (ವೇಗ ಮೀರಿ ವೈಂಡರ್ ತಾನಾಗಿ ನಿಂತಾಗ) 'ರೀಸೆಟ್ ಮಾಡಲಾಯಿತು' ಎಂದಷ್ಟೇ ಬರೆದಿದ್ದು, ಕಾರಣ ಬರೆಯದಿದ್ದರೆ, ನೀವು ಕೊಟ್ಟ 2ನ್ನು ಹೊಡೆದುಹಾಕಿ 6 ಮಾಡಿ.