ಮೈಲುತುತ್ತು ಒಂದೇ, ಅಡಿಕೆ ಕೊನೆ ಉದುರಿದ್ದು ಒಬ್ಬರದು

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಪತ್ರ: “ಬೇಲಿಯಾಚೆಯವರೂ ನಾವೂ ಒಂದೇ ಅಂಗಡಿಯ ಮೈಲುತುತ್ತು (ತಾಮ್ರದ ಸಲ್ಫೇಟ್) ತಂದು ಒಂದೇ ವಾರದಲ್ಲಿ ಸುಣ್ಣ ಬೆರೆಸಿದ ಬೋರ್ಡೋ ಔಷಧಿ ಹೊಡೆಸಿದೆವು. ಸುಣ್ಣ ಹೋದ ವರ್ಷದ್ದೇ ಮನೆಯಲ್ಲಿತ್ತು. ಹುಡುಗರು ಚುರುಕು, ಮಧ್ಯಾಹ್ನದೊಳಗೆ ಐದು ಡ್ರಮ್ ಖಾಲಿ ಮಾಡಿದರು. ಆದರೂ ಕೊಳೆರೋಗ ಬಂದು ನಮ್ಮ ಅರ್ಧ ಫಸಲು ನೆಲಕ್ಕೆ ಬಿತ್ತು, ಅವರದು ನಿಂತಿತು. ಇದು ಹಣೆಬರಹವಲ್ಲದೆ ಮತ್ತೇನು? ಬೋರ್ಡೋ ಬಿಟ್ಟು ಹೊಸ ಔಷಧಿಗೆ ಹೋಗಲೇ?”

ಹಣೆಬರಹದ ಪಾಲು ಸ್ವಲ್ಪ ಇದ್ದೇ ಇದೆ. ಬಿಡುವಿಲ್ಲದೆ ಮಳೆ ಜಡಿಯುವ ವರ್ಷ ಎಷ್ಟೇ ಎಚ್ಚರದಿಂದಿದ್ದರೂ ಒಂದಷ್ಟು ಕಾಯಿ ಹೋಗುತ್ತದೆ. ಹೊಸ ಔಷಧಿಗಳಲ್ಲಿಯೂ ಕೆಲವು ಒಳ್ಳೆಯವೇ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ: ಹೋದ ವರ್ಷದ ಸುಣ್ಣ, ಮಧ್ಯಾಹ್ನದೊಳಗೆ ಐದು ಡ್ರಮ್. ಮುಚ್ಚಿಡದೆ ಬರೆದಿರಿ, ಅದಕ್ಕೇ ನಿಮ್ಮ ಮೇಲೆ ಗೌರವ. ಬೈಯುವುದಕ್ಕೂ ಅಷ್ಟೇ ಸಲಿಗೆ ತೆಗೆದುಕೊಳ್ಳುತ್ತೇನೆ.

ಮೊದಲು ಸುಣ್ಣ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆ 1 ಕಿಲೋ ಎಂದರೆ ಹೊಸದಾಗಿ ಸುಟ್ಟ, ನೀರು ಸೋಕದ ಸುಣ್ಣ ಎಂಬುದು ಮಾತ್ರ ಮರೆತುಹೋಗುತ್ತದೆ. ಚೀಲ ಬಿಚ್ಚಿಟ್ಟ ಸುಣ್ಣ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಕ್ರಮೇಣ ಸೀಮೆಸುಣ್ಣದ ಜಾತಿಗೆ ಇಳಿಯುತ್ತದೆ. ತಕ್ಕಡಿಯಲ್ಲಿ ತೂಕ ಸರಿಯಿರುತ್ತದೆ, ಕಸುವು ಇರುವುದಿಲ್ಲ. ಆಗ ಮೈಲುತುತ್ತಿನ ಒಂದು ಪಾಲು ಸುಣ್ಣದ ಜೊತೆ ಕೂಡದೆ ಹುಳಿಯಾಗಿಯೇ ಉಳಿದು ಎಳೆಗಾಯಿ, ಸಿಂಗಾರವನ್ನು (ಹೂಗೊಂಚಲನ್ನು) ಸುಡುತ್ತದೆ. ಮಳೆ ಬಿದ್ದರೆ ತೊಳೆದೂ ಹೋಗುತ್ತದೆ. ಔಷಧಿ ಹೊಡೆದ ಮೇಲೇ ಕಾಯಿ ಉದುರಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇಂಥ ಸತ್ತ ಸುಣ್ಣವಿರುತ್ತದೆ.

ಇದನ್ನು ಹಿಡಿಯಲು ಪ್ರಯೋಗಾಲಯ ಬೇಡ, ಉಜ್ಜಿ ಬೆಳ್ಳಗೆ ಮಾಡಿದ ಕತ್ತಿ ಸಾಕು. ದ್ರಾವಣದಲ್ಲಿ ಒಂದು ನಿಮಿಷ ಅದ್ದಿಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಇನ್ನಷ್ಟು ತಿಳಿ ಸುಣ್ಣ ಹುಯ್ದು ಮತ್ತೆ ಅದ್ದಿ ನೋಡಿ. ಪ್ರತಿ ಡ್ರಮ್ಮಿಗೂ ಇದು ಆಗಬೇಕು, ಮೊದಲನೆಯದಕ್ಕೆ ಮಾತ್ರ ಮಾಡಿದರೆ ಸಾಲದು.

ಬೆರೆಸುವ ಕೆಲಸಕ್ಕೆ ಅವಸರ ಆಗುವುದಿಲ್ಲ. 200 ಲೀಟರಿನ ಡ್ರಮ್ಮಿಗೆ 2 ಕಿಲೋ ಮೈಲುತುತ್ತನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ 100 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿಯೇ ತೂಗುಬಿಡಿ. ಕರಗಿದ ಭಾರದ ನೀರು ಕೆಳಗಿಳಿಯುತ್ತದೆ, ತಿಳಿನೀರು ಗಂಟಿಗೆ ತಾಗುತ್ತಲೇ ಇರುತ್ತದೆ. ತಳಕ್ಕೆ ಸುರಿದರೆ ಹರಳು ತನ್ನದೇ ಗಟ್ಟಿ ನೀರಿನಲ್ಲಿ ಮುಳುಗಿ ಕರಗದೆ ಕೂರುತ್ತದೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ತಾಮ್ರವೆಲ್ಲ ಪಾತ್ರೆಗೇ ಹತ್ತುತ್ತದೆ. ಸುಣ್ಣ 2 ಕಿಲೋ, ಚೂರು ಚೂರೇ ನೀರು ಚಿಮುಕಿಸಿ ಅರಳಿಸಿ, ಉಳಿದ 100 ಲೀಟರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಲು ಬಿಡಿ. ಬಿಸಿಯಿದ್ದಾಗ ಬೆರೆಸಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತದೆ, ನಾಜಲ್ ಕಟ್ಟುತ್ತದೆ, ಕಾಯಿಗೆ ಹಿಡಿಯುವುದಿಲ್ಲ. ಆರಿದ ಮೇಲೆ ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಸಣ್ಣ ಧಾರೆಯಾಗಿ ಹುಯ್ಯಬೇಕು, ಇನ್ನೊಬ್ಬರು ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ತಿರುಗುಮುರುಗು ಮಾಡಬಾರದು. ಆಕಾಶ ನೀಲಿ ಬಣ್ಣದ ನುಣುಪಾದ ದ್ರಾವಣ ಬಂತೆಂದರೆ ಸರಿ. ಅದನ್ನು ಅಂದೇ ಮುಗಿಸಿ. ರಾತ್ರಿ ಕಳೆದರೆ ಕಣಗಳು ಹರಳುಗಟ್ಟಿ ಅಂಟು ಹೋಗುತ್ತದೆ.

ಇನ್ನು ಮರದ ಮೇಲೆ. ಬೋರ್ಡೋ ಬಂದ ರೋಗವನ್ನು ವಾಸಿ ಮಾಡುವುದಿಲ್ಲ, ಬರದಂತೆ ತಡೆಯುತ್ತದೆ. ಕೊಳೆರೋಗ ತರುವ, ಬೂಷ್ಟಿನಂಥ ಫೈಟಾಫ್ತೊರಾದ ಬೀಜಾಣು ನೀರಿನಲ್ಲಿ ಈಜಿ, ಮಳೆಹನಿಯ ಜೊತೆ ಸಿಡಿದು ಬರುವಂಥದ್ದು. ತೊಟ್ಟಿನ ಬಳಿ ಬೆರಳಗಲ ಜಾಗಕ್ಕೆ ಔಷಧಿ ತಾಗದಿದ್ದರೂ ಅದಕ್ಕೆ ಅಷ್ಟೇ ಬಾಗಿಲು ಸಾಕು. ಒಂದೇ ಮಗ್ಗುಲಿಂದ ಹೊಡೆದ ಅಡಿಕೆ ಕೊನೆಯ (ಗೊಂಚಲಿನ) ಹಿಂಬದಿ ಒಣಗಿಯೇ ಇರುತ್ತದೆ. ಮರವೇರಿ ಹೊಡೆಯುವ ಕೊನೆಗಾರ ಅಲ್ಲೇ ಸ್ವಲ್ಪ ಹೊರಳಿ ಆಚೆ ಮಗ್ಗುಲಿಗೂ, ಕೆಳಗಿನಿಂದ ಮೇಲಕ್ಕೂ ಹೊಡೆಯಬೇಕು. ಇದಕ್ಕೆ ಮರಕ್ಕೆ ಅರೆ ನಿಮಿಷ ಹೆಚ್ಚು ಬೇಕು. ನಿಮ್ಮ ಐದು ಡ್ರಮ್ಮಿನ ಮಧ್ಯಾಹ್ನದಲ್ಲಿ ಬಿಟ್ಟುಹೋದದ್ದು ಆ ಅರೆ ನಿಮಿಷವೇ ಇರಬೇಕು. ಮೃಗಶಿರ ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಪುನರ್ವಸು, ಪುಷ್ಯದ ನಡುವೆ ಮಳೆ ಬಿಟ್ಟು ಹೊಳವಾದ ದಿನ ಇನ್ನೊಂದು ಸಲ, ಮಳೆ ಎಳೆದರೆ ಮೂರನೆಯದು. ಎರಡನೆಯದನ್ನು ‘ಹೇಗೂ ಒಮ್ಮೆ ಆಗಿದೆಯಲ್ಲ’ ಎಂದು ವಾರವೆರಡು ವಾರ ಮುಂದೂಡುವವರೇ ಹೆಚ್ಚು. ಅಷ್ಟರಲ್ಲಿ ಹಳೆಯ ಲೇಪ ತೊಳೆದಿರುತ್ತದೆ, ಕಾಯಿಯೂ ಉಬ್ಬಿ ಲೇಪವಿಲ್ಲದ ಹೊಸ ಮೈ ಬಿಟ್ಟಿರುತ್ತದೆ.

ಬೋರ್ಡೋ ಹುಟ್ಟಿದ್ದೇ ಸಣ್ಣದನ್ನು ಗಮನಿಸಿದ ಕಣ್ಣಿನಿಂದ. 1882ರಲ್ಲಿ ಫ್ರಾನ್ಸಿನ ಮೆದೊಕ್‌ನಲ್ಲಿ, ದಾರಿಹೋಕರು ಹಣ್ಣು ಕೀಳದಿರಲೆಂದು ಮೈಲುತುತ್ತು, ಸುಣ್ಣ ಎರಚಿದ್ದ ದಾರಿ ಬದಿಯ ದ್ರಾಕ್ಷಿ ಬಳ್ಳಿಗಳಿಗೆ ಮಾತ್ರ ರೋಗವಿಲ್ಲದ್ದು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. ಪಾಕವನ್ನು ಪ್ರಕಟಿಸಿದ್ದು 1885ರಲ್ಲಿ. ನಡುವಿನ ಕಾಲವೆಲ್ಲ ಪ್ರಯೋಗಕ್ಕೆ ಹೋಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಮದ್ದನ್ನು ನಮ್ಮ ಕೊಳೆರೋಗಕ್ಕೆ ಹೊಂದಿಸಿದರು.

ಇಷ್ಟೆಲ್ಲ ತಿಳಿದಿದ್ದೂ ಈ ಕೆಲಸ ಯಾಕೆ ಕೆಡುತ್ತದೆ? ನಾವು ಕೂಲಿಯನ್ನು ಡ್ರಮ್ ಲೆಕ್ಕದಲ್ಲಿ ಕೊಡುತ್ತೇವೆ, ಕೊನೆಯ ಲೆಕ್ಕದಲ್ಲಿ ನೋಡುವುದಿಲ್ಲ. ಡ್ರಮ್ ಬೇಗ ಖಾಲಿಯಾದಷ್ಟೂ ದುಡಿಮೆ ಹೆಚ್ಚು ಎಂದಮೇಲೆ ಆಚೆ ಮಗ್ಗುಲಿಗೆ ಯಾರು ಹೊರಳುತ್ತಾರೆ? ತಪ್ಪು ಹುಡುಗರದಲ್ಲ. ಜಾರುವ ಮರದಲ್ಲಿ ಪ್ರಾಣ ಪಣಕ್ಕಿಟ್ಟ ಕೊನೆಗಾರನಿಗೆ ದಿನದ ಲೆಕ್ಕದಲ್ಲಿ, ಕೈತುಂಬ ಕೊಡಬೇಕು. ಕೆಳಗೆ ಕೋಲು ಹಿಡಿದು ಕದಡುವವರ ಕೆಲಸವನ್ನಂತೂ ಕೆಲಸವೆಂದೇ ಯಾರೂ ಎಣಿಸುವುದಿಲ್ಲ. ಸಾಮಾನ್ಯವಾಗಿ ಅದು ಮನೆಯ ಹೆಂಗಸರ ಪಾಲು. ಕೃಷಿಮೇಳಗಳಲ್ಲಿ ಹೊಸ ಬಾಟಲಿಗೆ ಮಳಿಗೆ ಸಿಗುತ್ತದೆ. ಒಂದು ಡ್ರಮ್, ಎರಡು ಬಕೆಟ್, ಒಂದು ಕತ್ತಿ ಇಟ್ಟು ಬೋರ್ಡೋ ಬೆರೆಸಿ ತೋರಿಸುವ ಮೂಲೆ ಎಷ್ಟು ಕಡೆ ಇದೆ? ಹತ್ತು ಸಾವಿರದ ಸ್ಪ್ರೇಯರಿಗೆ ಚೌಕಾಸಿ ಮಾಡದವರು ಹೊಸ ಸುಣ್ಣದ ನೂರು ರೂಪಾಯಿಗೆ ಹಿಂದೆಮುಂದೆ ನೋಡುತ್ತಾರೆ.

ಹಾಗಾಗಿ ಬೋರ್ಡೋ ಬಿಡಬೇಡಿ. ಈ ಸಲ ಹೊಸ ಸುಣ್ಣ ತನ್ನಿ, ಡ್ರಮ್ ಬಳಿ ನೀವೇ ನಿಲ್ಲಿ. ಅದಕ್ಕೂ ಮೊದಲು ತಲೆಯೆತ್ತಿ ತೋಟ ಸುತ್ತಿ ಬನ್ನಿ. ಹೋದ ಮಳೆಗಾಲದಲ್ಲಿ ಕೊಳೆತು ಒಣಗಿದ ಕೊನೆಗಳು ಇನ್ನೂ ಮರದಲ್ಲೇ ಜೋತಿದ್ದರೆ ಇಳಿಸಿ ಸುಡಿ, ಬರುವ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ.