ಬೇಸಿಗೆಯ ಫೋಟೋದಲ್ಲಿ ನಮ್ಮ ದಾರಿ ಕಾಣುವುದಿಲ್ಲ

ಗೂಗಲ್ ಮ್ಯಾಪ್ ಇರುವಾಗ ನೀವು ಯಾಕೆ ಇನ್ನೊಂದು ಮ್ಯಾಪ್ ಮಾಡುತ್ತೀರಿ, ಅದೂ ಅರ್ಧ ಕೇರಳದಂಥ ಊರಿಗೆ ಅಂತ ಕೇಳಿದೆಯಲ್ಲ ಮಾರಾಯ, ಮೊದಲು ಆ ‘ಅರ್ಧ ಕೇರಳ’ದ ಮಾತು ಮುಗಿಸೋಣ.

1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕಾಸರಗೋಡು ಆಚೆ ಕೇರಳಕ್ಕೆ ಹೋಯಿತು, ನಾವು ದಕ್ಷಿಣ ಕನ್ನಡದವರು ಈಚೆ ಉಳಿದೆವು. ಓಡಾಟ ಮಾತ್ರ ನಿಲ್ಲಲಿಲ್ಲ. ಇವತ್ತಿಗೂ ಗಡಿಯ ತಲಪಾಡಿಯ ಆಚೆಯವರು ಓದಿಗೆ, ಆಸ್ಪತ್ರೆಗೆ ಮಂಗಳೂರಿಗೇ ಬರುತ್ತಾರೆ. ನಮ್ಮ ಮನೆಯಲ್ಲಿ ತುಳು, ಪೇಟೆಯಲ್ಲಿ ಬ್ಯಾರಿ, ಕೊಂಕಣಿ ಕೇಳಿಸುತ್ತದೆ, ಓದು ಬರಹ ಕನ್ನಡದಲ್ಲಿ. ಇಷ್ಟು ಭಾಷೆ ಇದ್ದ ಮಾತ್ರಕ್ಕೆ ನಮ್ಮ ಕನ್ನಡ ಕಮ್ಮಿ ಆಗುವುದಿಲ್ಲ.

ಇನ್ನು ಮ್ಯಾಪ್. ನಾವು ಕೆಲಸ ಮಾಡುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ತಿದ್ದಬಹುದು, ಬಳಸಬಹುದು. ಬೇರೆ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ. ಪೇಟೆಯ ಕೆಲಸ ಸುಲಭ. 2020ರಲ್ಲಿ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ತೆರೆಯಿತು, 2022ರ ಕೊನೆಗೆ ಸುರತ್ಕಲ್‌ನಲ್ಲಿ ಟೋಲ್ ವಸೂಲಿ ನಿಂತಿತು. ಇಂಥದ್ದು ಎಲ್ಲರಿಗೂ ಗೊತ್ತಾಗುತ್ತದೆ, ಯಾರಾದರೂ ತಿದ್ದುತ್ತಾರೆ.

ನಮಗೆ ಸಾಕುಸಾಕಾಗುವುದು ತೋಡುಗಳ, ಅಂದರೆ ಸಣ್ಣ ಹಳ್ಳಗಳ ಹತ್ತಿರ. ನಮ್ಮ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ಒಂದು ಗುಡ್ಡದ ಬದಿಯಲ್ಲಿ, ಇನ್ನೊಂದು ಗದ್ದೆಯಾಚೆ. ನಡುವೆ ತೋಡು. ಬೇಸಿಗೆಯಲ್ಲಿ ಅದು ಒಣಗುತ್ತದೆ, ಜೀಪು ಕೂಡ ತೋಡಿನೊಳಗೇ ಇಳಿದು ದಾಟುತ್ತದೆ. ಜೂನ್ ಬಂತೆಂದರೆ ಅದೇ ಜಾಗದಲ್ಲಿ ಕೆಂಪು ನೀರು ಭರ್ತಿ. ಆಗ ಊರವರು ಅಡಿಕೆ ಮರ ಕಡಿದು, ಅಡ್ಡ ಹಾಕಿ, ಹಗ್ಗ ಬಿಗಿದು ಕಾಲುಸಂಕ ಕಟ್ಟುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ಮಳೆಗಾಲ ಪೂರ್ತಿ ಅದೇ ದಾರಿ.

ದೂರದಲ್ಲಿ ಕೂತು ಮ್ಯಾಪ್ ತಿದ್ದುವವರು ಸ್ಯಾಟಲೈಟ್ ಫೋಟೋ ನೋಡುತ್ತಾರೆ. ಮಳೆಗಾಲದಲ್ಲಿ ಕರಾವಳಿಯ ಮೇಲೆ ಮೋಡ ಕವಿದಿರುತ್ತದೆ, ಹಾಗಾಗಿ ಸಿಗುವ ಒಳ್ಳೆಯ ಫೋಟೋ ಹೆಚ್ಚಾಗಿ ಬೇರೆ ತಿಂಗಳುಗಳದ್ದು. ಅದರಲ್ಲಿ ಜೀಪಿನ ದಾರಿ ಕಾಣುತ್ತದೆ, ಕಾಲುಸಂಕ ಕಾಣುವುದಿಲ್ಲ. ಸಂಕ ಇದ್ದರೂ ತೋಟದ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಅವರು ನಾವು ಹಾಕಿದ ಸಂಕವನ್ನು ಅಳಿಸುತ್ತಾರೆ, ತೋಡಿನ ಎರಡೂ ಬದಿಯ ದಾರಿ ಸೇರಿಸಿ ನೇರ ರಸ್ತೆ ಮಾಡುತ್ತಾರೆ. ತಪ್ಪು ಹುಡುಕುವ ಟೂಲ್‌ಗಳೂ ‘ಇಲ್ಲಿ ರಸ್ತೆ ಕೂಡಿಲ್ಲ’ ಅಂತ ಗುರುತು ಹಾಕಿ ತೋರಿಸುತ್ತವೆ. ಕೂಡಿಸಿದವರಿಗೆ ಕೆಲಸ ಮುಗಿಯಿತು. ಜುಲೈಯಲ್ಲಿ ಆ ಮ್ಯಾಪ್ ನಂಬಿ ರಾತ್ರಿ ಕಾರು ತಂದವನ ಗತಿ ಏನು?

ನಾವು ಮತ್ತೆ ಹೋಗುತ್ತೇವೆ. ಫೋಟೋ ತೆಗೆಯುತ್ತೇವೆ, ಪಕ್ಕದ ಮನೆಯವರನ್ನು ಕೇಳುತ್ತೇವೆ, ಸಂಕವನ್ನು ನಡೆಯುವವರಿಗೆ ಮಾತ್ರ ಅಂತ ಹಾಕುತ್ತೇವೆ. ರಸ್ತೆಗೆ ಮಳೆಗಾಲದಲ್ಲಿ ಬಂದ್ ಅಂತ ಟ್ಯಾಗ್ ಸೇರಿಸುತ್ತೇವೆ. ‘ಸ್ಥಳಕ್ಕೆ ಹೋಗಿ ನೋಡಿದ್ದು, ದಯವಿಟ್ಟು ಅಳಿಸಬೇಡಿ’ ಎಂದು ಬರೆದಿಡುತ್ತೇವೆ. ಕೆಲವು ತಿಂಗಳಲ್ಲಿ ಇನ್ಯಾರೋ ಬಂದು ಮತ್ತೆ ನೇರ ಮಾಡುತ್ತಾರೆ. ಕೆಟ್ಟ ಮನಸ್ಸಿನವರಲ್ಲ ಅವರು. ಆದರೆ ಬೇಜಾರಾಗುತ್ತದೆ ಅಲ್ವಾ? ನಮ್ಮೂರಿನ ದಾರಿ ಇದೆಯೋ ಇಲ್ಲವೋ ಅಂತ ಅದರಲ್ಲಿ ನಡೆಯುವವರನ್ನು ಬಿಟ್ಟು ಫೋಟೋವನ್ನು ಕೇಳುವುದು ಯಾವ ನ್ಯಾಯ? ಪ್ರತಿ ತಿದ್ದುಪಡಿಯ ಇತಿಹಾಸ ಅಲ್ಲೇ ಇರುತ್ತದೆ, ಹಾಕಿದವರಿಗೆ ಮೆಸೇಜ್ ಮಾಡಬಹುದು. ಅಳಿಸುವ ಮೊದಲು ಒಂದು ಮಾತು ಕೇಳಿದರೆ ಸಾಕು.

ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳದ್ದೂ ಇಂಥದೇ ಕಥೆ. ಕೆಲವದರ ಮೇಲೆ ಬೈಕ್ ಹೋಗುತ್ತದೆ, ಕೆಲವದರ ಮೇಲೆ ಕಾಲ್ನಡಿಗೆ ಮಾತ್ರ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ.

ಈಗ ಕೆಲವು ಕಡೆ ಅಡಿಕೆ ಮರದ ಸಂಕ ಹೋಗಿ ಕಾಂಕ್ರೀಟಿನದ್ದು ಬಂದಿದೆ. ಖುಷಿಯ ವಿಷಯ, ಮಕ್ಕಳು ಹೆದರದೆ ದಾಟುತ್ತಾರೆ. ನಮಗೆ ಹೊಸ ಕೆಲಸ. ಯಾವುದು ಬದಲಾಯಿತು, ಅಗಲ ಎಷ್ಟು, ಸ್ಕೂಟರ್ ಹೋಗುತ್ತದಾ ಅಂತ ಒಂದೊಂದನ್ನೂ ಹೋಗಿ ನೋಡಬೇಕು. ಈ ವರ್ಷ ಸುಳ್ಯದ ಕಡೆಯಿಂದ ಶುರು ಮಾಡುತ್ತೇವೆ.