ಡಾಕ್ಟರ ಭಾಷಣ ಬೇಡ ಸರ್, ಏಳನೇ ಕ್ಲಾಸಿನ ಪಾಲಕರನ್ನು ಕರೆಸಿ

ಧಾರಾವಿಯ ಕನ್ನಡ ಶಾಲೆಯ ಒಂಬತ್ತು-ಹತ್ತನೇ ಕ್ಲಾಸಿನ ಮಕ್ಕಳಿಗೆ ವೈದ್ಯಕೀಯದ ಕಡೆ ಒಲವು ಮೂಡಿಸಲು ಯಾವ ಡಾಕ್ಟರನ್ನು ಭಾಷಣಕ್ಕೆ ಕರೆಸಲಿ ಎಂದು ಕೇಳಿದ್ದೀರಿ. ಯಾರನ್ನೂ ಕರೆಸಬೇಡಿ ಸರ್. ಅಲ್ಲಿ ಆಸೆಗೇನೂ ಬರವಿಲ್ಲ. ನಾನೂ ಅದೇ ಗಲ್ಲಿಯವಳು. ಸಯನ್ ಆಸ್ಪತ್ರೆಯ ಓಪಿಡಿಯಲ್ಲಿ ಕೇಸ್‌ಪೇಪರ್ ಹಿಡಿದು ನಿಂತು, ಡಾಕ್ಟರು ಹಿಂದಿಯಲ್ಲಿ ಕೇಳಿದ್ದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿ, ಅವಳ ಹೊಟ್ಟೆನೋವನ್ನು ಅವರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದ ಹುಡುಗಿಗೆ ಡಾಕ್ಟರಾಗು ಅಂತ ಇನ್ಯಾರೂ ಹೇಳಬೇಕಿರಲಿಲ್ಲ.

ನಾನು ಓದುತ್ತಿದ್ದ ಮುನ್ಸಿಪಾಲಿಟಿಯ ಕನ್ನಡ ಶಾಲೆ ಏಳನೇ ಕ್ಲಾಸಿಗೇ ಮುಗಿಯುತ್ತಿತ್ತು. ಅಪ್ಪ ಕರ್ನಾಟಕದ ಇಂಡಿ ತಾಲ್ಲೂಕಿನಿಂದ ಬಂದು, ದಿನಗೂಲಿಯವರು ಬೆಳಿಗ್ಗೆ ಕೆಲಸಕ್ಕಾಗಿ ಕಾಯುವ ನಾಕಾದಲ್ಲಿ ನಿಂತು ಗಾರೆ ಕೆಲಸ ಹಿಡಿದವರು. "ಊರಾಗ ಅಜ್ಜಿ ಅದಾಳ, ಪುಕ್ಕಟೆ ಸಾಲಿ ಐತಿ, ಇಲ್ಲಿ ಯಾಕ ರೊಕ್ಕ ಸುಡೋದು?" ಅಂದರು. ಎಂಟರಿಂದ ಹತ್ತರವರೆಗೆ ಊರಲ್ಲಿ ಓದಿದೆ, ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾಗಿ ಹನ್ನೊಂದನೇ ಕ್ಲಾಸಿಗೆ ಮುಂಬೈಗೆ ವಾಪಸು ಬಂದೆ. ಗಲ್ಲಿಯ ಅರ್ಧ ಮನೆಗಳಲ್ಲಿ ಇದೇ ಪದ್ಧತಿ.

ನಮ್ಮನ್ನು ಮುಳುಗಿಸಿದ್ದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಹಾರಾಷ್ಟ್ರದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ 85% ಸೀಟು ರಾಜ್ಯದ ಕೋಟಾಕ್ಕೆ, 15% ಅಖಿಲ ಭಾರತ ಕೋಟಾಕ್ಕೆ. ರಾಜ್ಯದ ಕೋಟಾ ಬೇಕೆಂದರೆ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿ ಎಂಬ ಪ್ರಮಾಣಪತ್ರ, ಒಂದೇ ಸಾಲದು. ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿರಬೇಕು. ನನ್ನ ಹತ್ತು ಕರ್ನಾಟಕದ್ದು. ಸರಿ, ಕರ್ನಾಟಕಕ್ಕೇ ಹೋಗೋಣವೆಂದರೆ ಅಲ್ಲಿ ಏಳು ವರ್ಷ ಓದಿರಬೇಕು. ನಾನು ಓದಿದ್ದು ಮೂರೇ. ಹುಟ್ಟಿದ್ದು ಮುಂಬೈ, ಮಾತು ಕನ್ನಡ, ಎರಡೂ ರಾಜ್ಯಕ್ಕೆ ನಾನು ಹೊರಗಿನವಳು! ನನ್ನಷ್ಟೇ ಅಂಕ ಬಂದ ಕ್ಲಾಸ್‌ಮೇಟ್‌ಗೆ ರಾಜ್ಯದ ಕೋಟಾದಲ್ಲಿ ಸೀಟಾಯಿತು. ಅಖಿಲ ಭಾರತದ ಪಟ್ಟಿಯಲ್ಲಿ ಆ ಅಂಕಕ್ಕೆ ಏನೂ ಸಿಗಲಿಲ್ಲ. ಅಪ್ಪನಿಗೆ ಇವತ್ತಿಗೂ ಅರ್ಥವಾಗಿಲ್ಲ, ಅಜ್ಜಿ ಮನೇಲಿ ಓದಿಸಿದ್ದರಲ್ಲಿ ತಪ್ಪೇನಿತ್ತು ಅಂತ.

ಜಾತಿ ಪ್ರಮಾಣಪತ್ರದ್ದೂ ಇದೇ ಹಣೆಬರಹ. ಊರಿನ ಎಸ್‌ಸಿ ಸರ್ಟಿಫಿಕೇಟು ಇಲ್ಲಿನ ಮೀಸಲು ಸೀಟಿಗೆ ನಡೆಯುವುದಿಲ್ಲ. ಮನೆತನ 1950ರ ಆಗಸ್ಟ್ 10ಕ್ಕೂ ಮುಂಚೆ ಮಹಾರಾಷ್ಟ್ರದಲ್ಲಿತ್ತು ಎಂಬುದಕ್ಕೆ ದಾಖಲೆ ಕೊಡಬೇಕು. ಓಬಿಸಿಯವರಿಗೆ 1967ರ ಅಕ್ಟೋಬರ್ 13. ವಲಸೆ ಹೋದವರ ಮೀಸಲಾತಿ ಹೊಸ ರಾಜ್ಯಕ್ಕೆ ಅವರ ಜೊತೆ ಬರುವುದಿಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಮುಂಬೈನ ಮೆಡಿಕಲ್ ಸೀಟಿನ ಪ್ರಕರಣದಲ್ಲೇ, ಆಂಧ್ರದಿಂದ ಬಂದ ಹುಡುಗನೊಬ್ಬನ ಅರ್ಜಿಯ ಮೇಲೆ.

ಇನ್ನೊಂದು ವಿಷಯ, ಕನ್ನಡ ಮಾಧ್ಯಮದ ಮೇಷ್ಟ್ರುಗಳಿಗೇ ಗೊತ್ತಿರುವುದಿಲ್ಲ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್ ಕನ್ನಡದಲ್ಲೂ ಇದೆ, ನಿಜ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ. ಮುಂಬೈನಲ್ಲಿ ಬರೆಯುವವರು ಇಂಗ್ಲಿಷಿಗೋ ಹಿಂದಿಗೋ ಮರಾಠಿಗೋ ಒಗ್ಗಿಕೊಳ್ಳಬೇಕು. 720ರಲ್ಲಿ 360 ಅಂಕ ಬಯಾಲಜಿಯದ್ದು, ಅದನ್ನು ಬಾಯಿಪಾಠ ಮಾಡಿಯಾದರೂ ದಾಟಬಹುದು. ಫಿಸಿಕ್ಸಿನಲ್ಲಿ ಪ್ರಶ್ನೆಯೇ ಅರ್ಥವಾಗದಿದ್ದರೆ ಮುಗಿಯಿತು. ಎಂಟನೇ ಕ್ಲಾಸಿನಿಂದಲೇ ವಿಜ್ಞಾನದ ಇಂಗ್ಲಿಷ್ ಪದಗಳನ್ನು ಬೋರ್ಡಿನ ಮೇಲೆ ಕನ್ನಡದ ಪಕ್ಕದಲ್ಲೇ ಬರೆಯಿರಿ.

ನಾನು ಆಮೇಲೆ ಪ್ಯಾರಾಮೆಡಿಕಲ್ ಡಿಗ್ರಿ ಮಾಡಿದೆ. ಈಗ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಕೊಡುವ ಕ್ಯಾಥ್‌ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ಡಾಕ್ಟರು ರಕ್ತನಾಳದಲ್ಲಿ ಬಲೂನ್ ಉಬ್ಬಿಸುವಾಗ ಅವರ ಕಣ್ಣು ಎಕ್ಸ್‌ರೇ ಪರದೆಯ ಮೇಲೆ, ನನ್ನ ಕಣ್ಣು ಇಸಿಜಿ ಗೆರೆ ಮೇಲೆ. ಆ ಗೆರೆಯಲ್ಲಿ ಎಸ್‌ಟಿ ಎನ್ನುವ ಭಾಗ ಏರಿದರೆ, ಬಿಪಿ ಇಳಿದರೆ ಕೂಗಿ ಹೇಳಬೇಕಾದವಳು ನಾನು. ಕೆಲಸ ನನಗಿಷ್ಟ, ಸಂಬಳಕ್ಕೂ ಮೋಸವಿಲ್ಲ. ಆದರೆ ಬಡವರ ಮಕ್ಕಳಿಗೆ ನರ್ಸಿಂಗ್, ಡಿಎಂಎಲ್‌ಟಿ (ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ), ಸೊಸೈಟಿ ಫ್ಲಾಟಿನವರಿಗೆ ಎಂಬಿಬಿಎಸ್ ಅಂತ ನೀವೇ ಮೊದಲು ವಿಂಗಡಿಸಿಬಿಡಬೇಡಿ. ಎಲ್ಲ ದಾರಿಗಳನ್ನೂ ಎಲ್ಲರಿಗೂ ತೋರಿಸಿ.

ಹತ್ತನೇ ಕ್ಲಾಸಿಗೆ ಹೇಳಿದರೆ ತಡವಾಯಿತು, ಏಳನೆಯದರ ಪಾಲಕರನ್ನು ಹಿಡಿಯಿರಿ. ಹೈಸ್ಕೂಲಿಗೆ ಊರಿಗೆ ಕಳಿಸಬೇಡಿ, ಕಳಿಸುವುದೇ ಆದರೆ ಮುಂದೆ ಏನೇನು ಕೈತಪ್ಪುತ್ತದೆ ಎಂದು ಲೆಕ್ಕ ಹಾಕಿ ಕಳಿಸಿ ಅನ್ನಿ. ಸಭೆ ಭಾನುವಾರ ಸಂಜೆ ಇಡಿ, ನಾಕಾದವರು ಬೆಳಿಗ್ಗೆ ಕೆಲಸ ಬಿಟ್ಟು ಬರುವುದಿಲ್ಲ. ಅಮ್ಮಂದಿರನ್ನು ತಪ್ಪದೆ ಕರೆಸಿ. ರೇಷನ್ ಕಾರ್ಡು, ಶಾಲೆ ಬಿಟ್ಟ ದಾಖಲೆ ಯಾವ ಟ್ರಂಕಿನಲ್ಲಿದೆ ಅಂತ ಗೊತ್ತಿರುವುದು ಅವರಿಗೇ.